ಗ್ಲಿಸರಿನ್ನಿಗೆ ಸುಣ್ಣದ ಸಹಾಯ

ಚಳಿಗಾಲದಲ್ಲಿ ತುಟಿ ಒಡೆದಾಗ ಹಚ್ಚಿಕೊಳ್ಳುವ ಗ್ಲಿಸರಿನ್ನನ್ನು ಅರಿಯದವರು ಯಾರು? ಔಷಧದ ಅಂಗಡಿಯಲ್ಲಿ ಸಣ್ಣ ಸೀಸೆಯಲ್ಲಿ ದೊರೆಯುವ ಈ ದ್ರವ ನೋಡಲು ನೀರಿನಂತೆ ತಿಳಿ. ಮುಟ್ಟಿದರೆ ಜೇನಿನಂತೆ ಮಂದ. ನಾಲಗೆಗೆ ತಾಗಿದರೆ ಸಿಹಿ. ಈ ಸಿಹಿಯೇ ಅದಕ್ಕೆ ಹೆಸರನ್ನೂ ತಂದುಕೊಟ್ಟಿತು. ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್‌ಹೆಲ್ಮ್ ಷೀಲೆ ಎಂಬಾತ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಡನೆ ಕಾಯಿಸುತ್ತಿದ್ದಾಗ ಇದನ್ನು ಮೊದಲು ಕಂಡು, 'ಎಣ್ಣೆಯ ಸಿಹಿಸತ್ವ' ಎಂದು ಕರೆದು, 1783ರಲ್ಲಿ ಪ್ರಕಟಿಸಿದನು. ಮುಂದೆ ಫ್ರಾನ್ಸಿನ ಷೆವ್ರಲ್, ಸಿಹಿ ಎಂಬ ಅರ್ಥದ ಗ್ರೀಕ್ ಪದದಿಂದ 'ಗ್ಲಿಸರಿನ್' ಎಂಬ ನಾಮಕರಣ ಮಾಡಿದನು. ರಸಾಯನ ಶಾಸ್ತ್ರಜ್ಞರು ಈಗ ಅದನ್ನು ಗ್ಲಿಸರಾಲ್ ಎನ್ನುತ್ತಾರೆ. ಷೀಲೆ ಎಣ್ಣೆಗೆ ಬೆರೆಸಿದ ಸೀಸದ ಆಕ್ಸೈಡು ನೀರಿನಲ್ಲಿ ಕರಗದ ಪುಡಿ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಇಂದಿನ ವಿಷಯವೂ ಇಂಥ ಕರಗದ ಪುಡಿಗಳದೇ.

ಯಾವ ಎಣ್ಣೆಯನ್ನೇ ಆಗಲಿ, ಯಾವ ಕೊಬ್ಬನ್ನೇ ಆಗಲಿ ತೆಗೆದುಕೊಳ್ಳಿ. ಅದರ ಒಂದೊಂದು ಅಣುವಿನಲ್ಲಿಯೂ ಮೂರು ಉದ್ದನೆಯ ಬಾಲಗಳಿರುತ್ತವೆ. ಇವು ಮೇದಸ್ಸಿನ ಆಮ್ಲಗಳು. ಈ ಮೂರನ್ನೂ ಒಂದು ತುದಿಯಲ್ಲಿ ಹಿಡಿದು ಕಟ್ಟಿರುವ ಬೆನ್ನೆಲುಬೇ ಗ್ಲಿಸರಿನ್. ಎಣ್ಣೆಗೆ ಕಾಸ್ಟಿಕ್ ಸೋಡ ಹಾಕಿ ಕುದಿಸಿದರೆ ಬಾಲಗಳು ಕಳಚಿ ಸಾಬೂನಾಗುತ್ತವೆ. ಬೆನ್ನೆಲುಬು ಅಡಿಯ ನೀರಿಗೆ ಇಳಿಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಸೋಸಲೆ ಗರಳಪುರಿ ಶಾಸ್ತ್ರಿಗಳು ವಿಲಾಯತಿಗೆ ಹೋಗಿ ಕಲಿತುಬಂದ ಸಾಬೂನಿನ ವಿದ್ಯೆಯ ತಿರುಳು ಇದೇ. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನಿನ ಕಾರ್ಖಾನೆ ಪ್ರಾರಂಭವಾದಾಗ ಗಂಧದ ಪರಿಮಳವನ್ನು ಊರೆಲ್ಲ ಕೊಂಡಾಡಿತು. ಸಾಬೂನು ಬೇರ್ಪಟ್ಟ ಮೇಲೆ ಉಳಿದ ನೀರಿನಲ್ಲಿ ಏನಿತ್ತೆಂದು ಕೇಳಿದವರು ಕಡಮೆ.

ಅದರಲ್ಲಿ ಇದ್ದದ್ದು ಸಾಮಾನ್ಯ ಪದಾರ್ಥವಲ್ಲ. 1847ರಲ್ಲಿ ಇಟಲಿಯ ಸೊಬ್ರೆರೊ ಗ್ಲಿಸರಿನ್ನಿಗೆ ನೈಟ್ರಿಕ್ ಆಮ್ಲ ಸೇರಿಸಿ ನೈಟ್ರೊಗ್ಲಿಸರಿನ್ ಎಂಬ ಭಯಂಕರ ಸ್ಫೋಟಕವನ್ನು ತಯಾರಿಸಿದನು. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಅದನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ಡೈನಮೈಟ್ ಮಾಡಿದನು. ದಂಡುಪ್ರದೇಶದಿಂದ ಕೃಷ್ಣರಾಜಪುರ, ಬಂಗಾರಪೇಟೆಗಳ ಮಾರ್ಗವಾಗಿ ಕೋಲಾರದ ಚಿನ್ನದ ಗಣಿಗೆ ರೈಲಿನಲ್ಲಿ ಹೋಗಿಬಂದ ಹಿರಿಯರಿಗೆ ಅಲ್ಲಿಯ ಸಿಡಿತದ ಸದ್ದು ನೆನಪಿರಬಹುದು. 2001ರಲ್ಲಿ ಆ ಗಣಿಗಳು ಮುಚ್ಚಿದವು. ತುಟಿಗೆ ಹಚ್ಚುವ ಸಿಹಿ ದ್ರವಕ್ಕೂ ಬಂಡೆ ಸೀಳುವ ಮದ್ದಿಗೂ ಮೂಲ ಒಂದೇ ಎಂದರೆ ನಂಬುವುದು ಕಷ್ಟ; ಆದರೂ ಅದು ನಿಜ.

ಬಹುಕಾಲ ಗ್ಲಿಸರಿನ್ ದುಬಾರಿಯ ಸರಕಾಗಿತ್ತು. ಸಾಬೂನಿನಿಂದ ಬರುವುದು ಸಾಲದೆ, ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಅದನ್ನು ಪೆಟ್ರೋಲಿಯಮ್ಮಿನಿಂದಲೂ ತಯಾರಿಸತೊಡಗಿದರು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಈ ಲೆಕ್ಕಾಚಾರವೆಲ್ಲ ಬುಡಮೇಲಾಯಿತು. ಕಾರಣ, ಬಯೋಡೀಸೆಲ್. ಯುರೋಪಿನಲ್ಲಿ ಎಣ್ಣೆಯ ಬೀಜಗಳಿಂದ ಡೀಸೆಲ್ ತಯಾರಿಸುವ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು, ಅವುಗಳ ಹಿಂದೆಯೇ ಗ್ಲಿಸರಿನ್ನಿನ ಪ್ರವಾಹ ಬಂದಿತು, ಬೆಲೆ ಕುಸಿಯಿತು. 2006ರಲ್ಲಿ ಡೌ ಕಂಪೆನಿ ಟೆಕ್ಸಸ್ ಪ್ರಾಂತದ ಫ್ರೀಪೋರ್ಟಿನಲ್ಲಿದ್ದ ತನ್ನ ಕೃತಕ ಗ್ಲಿಸರಿನ್ ಕಾರ್ಖಾನೆಗೆ ಬೀಗ ಹಾಕಿತು. ಹಿಂದೆ ಪೆಟ್ರೋಲಿಯಮ್ಮಿನಿಂದ ಗ್ಲಿಸರಿನ್ ಮಾಡುತ್ತಿದ್ದವರು ಈಗ ಗ್ಲಿಸರಿನ್ನಿನಿಂದ ಪೆಟ್ರೋಲಿಯಮ್ಮಿನ ಪದಾರ್ಥಗಳನ್ನು ಮಾಡಲು ಸಾಧ್ಯವೆ ಎಂದು ಯೋಚಿಸುವ ಕಾಲ ಬಂದಿತು.

ಇದೆಲ್ಲ ದೂರದ ದೇಶದ ಮಾತು, ನಮಗೇನು ಎನ್ನಬೇಡಿ. ಸಂಜೆಯ ಹೊತ್ತು ಶಿವಾಜಿನಗರದ ರಸಲ್ ಮಾರುಕಟ್ಟೆಯ ಸುತ್ತಣ ಬೀದಿಗಳಲ್ಲಿ ಒಂದು ಸುತ್ತು ಬನ್ನಿ. ಸಮೋಸ, ಕಬಾಬು, ಬಜ್ಜಿ, ಬೋಂಡಗಳ ಬಾಣಲೆಗಳು ಎಷ್ಟು? ಅಲ್ಲಿಂದ ಹಲಸೂರು ಪೇಟೆ ದಾಟಿ ಇಂದಿರಾನಗರದ ನೂರಡಿ ರಸ್ತೆಗೆ ಬಂದರೆ ಬಾಣಲೆಗಳಿಗೆ ಬದಲಾಗಿ ಗಾಜಿನ ಬಾಗಿಲಿನ ಹಿಂದಿನ ಕರಿಯುವ ಯಂತ್ರಗಳು. ಎಣ್ಣೆಯೇನೋ ಒಂದೇ. ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಗಾಳಿಯ ಆಮ್ಲಜನಕವೂ ತಿಂಡಿಯ ನೀರಿನಂಶವೂ ಸೇರಿ ಅಣುಗಳನ್ನು ಮುರಿಯುತ್ತವೆ. ಮುರಿದ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಎಣ್ಣೆ ಕಪ್ಪಾಗಿ ಮಂದವಾಗುತ್ತದೆ. ಈ ಕೆಟ್ಟ ಅಂಶಗಳಿಗೆ ಒಟ್ಟಾಗಿ 'ಧ್ರುವೀಯ ಸಂಯುಕ್ತಗಳು' ಎಂದು ಹೆಸರು. ಅವು ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚಾದ ಎಣ್ಣೆಯಲ್ಲಿ ಕರಿಯಕೂಡದೆಂದು ಭಾರತದ ಆಹಾರ ಸುರಕ್ಷತೆಯ ಪ್ರಾಧಿಕಾರವು ವಿಧಿಸಿದ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿತು. ಅದೇ ವರ್ಷ ಆಗಸ್ಟ್ 10ರಂದು, ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ತಯಾರಕರಿಗೆ ತಲುಪಿಸುವ ಯೋಜನೆಯನ್ನೂ ಅದು ಪ್ರಾರಂಭಿಸಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯುವವರು ಅದಕ್ಕೆ ಲೆಕ್ಕವಿಡಬೇಕೆಂದೂ ಗೊತ್ತುಮಾಡಿತು.

ನಿಯಮದ ಉದ್ದೇಶ ಸ್ಪಷ್ಟ. ದೊಡ್ಡ ಹೋಟೆಲಿನ ಕಪ್ಪು ಎಣ್ಣೆ ಕಡಮೆ ಬೆಲೆಗೆ ಕೈಬದಲಾಗಿ ಸಣ್ಣ ಬಾಣಲೆಗೆ ಬಂದರೆ ಕೊನೆಗೆ ಅದು ಸೇರುವುದು ಕೂಲಿಯವನ ಹೊಟ್ಟೆಯನ್ನು. ಚರಂಡಿಗೆ ಚೆಲ್ಲಿದರೆ ಕೊಳವೆ ಕಟ್ಟುತ್ತದೆ. ಡೀಸೆಲ್ ಆದರೆ ಎಂಜಿನ್ನಿನಲ್ಲಿ ಉರಿದು ಹೋಗುತ್ತದೆ. ಇಷ್ಟರಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಆದರೆ ಡೀಸೆಲ್ ಆದ ಮೇಲೆ ಉಳಿಯುವ ಬೆನ್ನೆಲುಬಿನ ಗತಿಯೇನು?

ಲೆಕ್ಕ ಸುಲಭ. 100 ಕಿಲೋಗ್ರಾಂ ಎಣ್ಣೆಗೆ ಸುಮಾರು 11 ಕಿಲೋಗ್ರಾಂ ಮೆಥನಾಲ್ ಕೂಡಿದರೆ 100 ಕಿಲೋಗ್ರಾಂ ಬಯೋಡೀಸೆಲ್ಲೂ ಹತ್ತು ಕಿಲೋಗ್ರಾಮಿಗೆ ತುಸು ಮಿಕ್ಕಿ ಗ್ಲಿಸರಿನ್ನೂ ದೊರೆಯುತ್ತವೆ. ಮೆಥನಾಲ್ ಬಾಲಗಳನ್ನು ಒಂದೊಂದಾಗಿ ಕಿತ್ತುಕೊಂಡು ಹೋಗುತ್ತದೆ, ಬೆನ್ನೆಲುಬು ಬರಿದಾಗುತ್ತದೆ. ಈ ಕೆಲಸ ತಾನಾಗಿಯೇ ನಡೆಯುವುದು ಬಹಳ ನಿಧಾನ; ಆದಕಾರಣ ಕ್ರಿಯಾವರ್ಧಕವೊಂದು ಬೇಕು. ಕ್ರಿಯಾವರ್ಧಕವೆಂದರೆ ಮದುವೆಯ ದಲ್ಲಾಳಿ ಇದ್ದಂತೆ: ಎರಡು ಕಡೆಯವರನ್ನು ಕೂಡಿಸಿ ತಾನು ಹೊರಗೆ ಉಳಿಯತಕ್ಕದ್ದು. ಸಾಮಾನ್ಯವಾಗಿ ಬಳಸುವ ದಲ್ಲಾಳಿ ಕಾಸ್ಟಿಕ್ ಸೋಡ ಅಥವಾ ಕಾಸ್ಟಿಕ್ ಪೊಟ್ಯಾಷ್. ಇದು ಅಗ್ಗ, ಚುರುಕು. 60 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದು ಗಂಟೆಯೊಳಗೆ ಕೆಲಸ ಮುಗಿಸುತ್ತದೆ.

ಇದರ ದೋಷವೆಂದರೆ ಕೆಲಸವಾದ ಮೇಲೆ ಮನೆಬಿಟ್ಟು ಹೊರಡುವುದಿಲ್ಲ. ಮೆಥನಾಲಿನಲ್ಲಿ ಕರಗಿಹೋದ ಕ್ಷಾರವನ್ನು ಸೋಸಿ ತೆಗೆಯಲಾಗದು. ಕೆಟ್ಟ ಎಣ್ಣೆಯಲ್ಲಿ ಬಿಡಿಯಾಗಿ ಬಿದ್ದಿರುವ ಆಮ್ಲದೊಡನೆ ಸೇರಿ ಸಾಬೂನಾಗುತ್ತದೆ; ಸಾಬೂನಿನ ನೊರೆಯಿಂದ ಡೀಸೆಲ್ಲೂ ಗ್ಲಿಸರಿನ್ನೂ ಬೇರೆಯಾಗದೆ ಕಲಸಿಕೊಳ್ಳುತ್ತವೆ. ಆಮೇಲೆ ಡೀಸೆಲನ್ನು ನೀರಿನಿಂದ ತೊಳೆಯಬೇಕು, ಗ್ಲಿಸರಿನ್ನಿಗೆ ಆಮ್ಲ ಹಾಕಿ ಕ್ಷಾರವನ್ನು ಕೊಲ್ಲಬೇಕು, ಅದರಿಂದ ಹುಟ್ಟಿದ ಉಪ್ಪನ್ನು ತೆಗೆಯಬೇಕು. ಇಷ್ಟು ಮಾಡದ ಕಚ್ಚಾ ಗ್ಲಿಸರಿನ್ ಹೇಗಿರುತ್ತದೆ ಗೊತ್ತೆ? ಕಾಫಿಯ ಬಣ್ಣ, ಮೀನಿನೆಣ್ಣೆಯ ವಾಸನೆ. ಅದರಲ್ಲಿ ನಿಜವಾದ ಗ್ಲಿಸರಿನ್ ನೂರಕ್ಕೆ 50ರಿಂದ 80ರವರೆಗೆ. ಮಿಕ್ಕದ್ದು ನೀರು, ಮೆಥನಾಲ್, ಸಾಬೂನು, ಉಪ್ಪು. ಔಷಧದ ಸೀಸೆಗೂ ಇದಕ್ಕೂ ಅಜಗಜಾಂತರ.

ಔಷಧಕ್ಕೆ ಹಾಗೆಯೇ ಮಾರುವಂತಿಲ್ಲವೆ ಎಂದು ಯಾರಾದರೂ ಕೇಳಿದರೆ, 1986ರ ಜನವರಿಯಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ನಡೆದುದನ್ನು ಹೇಳಬೇಕಾಗುತ್ತದೆ. ಚಿಕಿತ್ಸೆಗೆಂದು ಕೊಟ್ಟ ಗ್ಲಿಸರಿನ್ನಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ ಬೆರಕೆಯಿತ್ತು; ಹದಿನಾಲ್ಕು ಮಂದಿ ಪ್ರಾಣ ಕಳೆದುಕೊಂಡರು. ಆ ವಿಷ ಬಯೋಡೀಸೆಲ್ಲಿನದಲ್ಲ, ನಿಜ. ಆದರೆ ನೋಟಕ್ಕೂ ರುಚಿಗೂ ಗ್ಲಿಸರಿನ್ನಿನಂತೆಯೇ ಇರುವ ಬೇರೆ ದ್ರವಗಳಿವೆ, ಆದುದರಿಂದ ಔಷಧಿಯವರು ಮೂಲ ತಿಳಿಯದ ಗ್ಲಿಸರಿನ್ನನ್ನು ಮುಟ್ಟದಿರುವುದೇ ಸರಿ. ಕಚ್ಚಾ ಮಾಲನ್ನು ಆ ಮಟ್ಟಕ್ಕೆ ಶುದ್ಧಿಮಾಡಲು ನಿರ್ವಾತದಲ್ಲಿ ಬಟ್ಟಿಯಿಳಿಸಬೇಕು. ಸಣ್ಣ ಕಾರ್ಖಾನೆಗೆ ಅದು ಎಟುಕದ ಖರ್ಚು.

ಹಾಗಾದರೆ ಚೆಲ್ಲಿಬಿಟ್ಟರೆ? ಗ್ಲಿಸರಿನ್ ವಿಷವಲ್ಲ, ನೀರಿನಲ್ಲಿ ಬೇಗ ಕರಗುತ್ತದೆ, ಸೂಕ್ಷ್ಮಜೀವಿಗಳಿಗೆ ಸವಿಯೂಟ. ಕೇಡು ಇರುವುದೇ ಅಲ್ಲಿ. ಒಂದು ಕಿಲೋಗ್ರಾಂ ಗ್ಲಿಸರಿನ್ನನ್ನು ಪೂರ್ತಿಯಾಗಿ ಜೀರ್ಣಿಸಲು ಆ ಜೀವಿಗಳಿಗೆ ಸುಮಾರು 1.2 ಕಿಲೋಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ಒಳ್ಳೆಯ ಕೆರೆಯ ನೀರಿನಲ್ಲಿ ಕರಗಿರುವುದು ಎಂಟು ಮಿಲಿಗ್ರಾಂ ಮಾತ್ರ. ಅಂದರೆ ಒಂದು ಕಿಲೋಗ್ರಾಂ ಗ್ಲಿಸರಿನ್ ಒಂದೂವರೆ ಲಕ್ಷ ಲೀಟರ್ ನೀರಿನ ಉಸಿರನ್ನು ಹೀರಬಲ್ಲದು. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದುದನ್ನು ಊರು ನೋಡಿದೆ. ಅಲ್ಲಿ ಬಂದು ಸೇರಿದ್ದು ಚರಂಡಿಯ ಕೊಳೆ, ಗ್ಲಿಸರಿನ್ನಲ್ಲ. ಆದರೆ ನೀರಿನ ಆಮ್ಲಜನಕ ಬರಿದಾಗುವ ಬಗೆ ಎರಡಕ್ಕೂ ಒಂದೇ.

ಚೆಲ್ಲಲಾಗದು, ಸೀಸೆಗೆ ತುಂಬಲಾಗದು. ಬೇರೆ ಪದಾರ್ಥವನ್ನಾಗಿ ಮಾರ್ಪಡಿಸಬೇಕು. ಇಲ್ಲಿಗೆ ಬರುತ್ತದೆ ನಮ್ಮ ಸುಣ್ಣ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ಗಾದೆ. ರಸಾಯನ ಶಾಸ್ತ್ರದಲ್ಲಿ ಬೆಣ್ಣೆಗೂ ಸುಣ್ಣಕ್ಕೂ ಅಂಥ ವೈರವಿಲ್ಲ, ಬದಲಿಗೆ ಒಳ್ಳೆಯ ನಂಟು. ಕಾಸ್ಟಿಕ್ ಸೋಡದಂತೆಯೇ ಸುಣ್ಣವೂ ಒಂದು ಪ್ರತ್ಯಾಮ್ಲ. ಪ್ರತ್ಯಾಮ್ಲವೆಂದರೆ ಬೇರೊಂದು ಅಣುವಿನಿಂದ ಜಲಜನಕದ ಒಂದು ಕಣವನ್ನು, ಅಂದರೆ ಪ್ರೋಟಾನನ್ನು, ಕಿತ್ತುಕೊಳ್ಳುವ ಸ್ವಭಾವದ್ದು. ಸೋಡ ಕರಗಿ ಎಲ್ಲೆಲ್ಲಿಯೂ ಹರಡಿ ಕಿತ್ತುಕೊಳ್ಳುತ್ತದೆ. ಸುಟ್ಟ ಸುಣ್ಣ ಮಾತ್ರ ಗಟ್ಟಿಯಾಗಿ ಉಳಿದು, ತನ್ನ ಮೈಮೇಲಿನ ಆಮ್ಲಜನಕದ ಪರಮಾಣುಗಳಿಂದ ಈ ಕೆಲಸ ಮಾಡುತ್ತದೆ. ಕೆಲಸ ಮುಗಿದ ಮೇಲೆ ಸೋಸಿದರೆ ಬಟ್ಟೆಯ ಮೇಲೆ ನಿಲ್ಲುತ್ತದೆ. ಮರುದಿನ ಮತ್ತೆ ಹಾಕಬಹುದು. ತೊಳೆಯುವ ನೀರಿಲ್ಲ, ಉಪ್ಪಿಲ್ಲ. ಇಂಥವುಗಳಿಗೆ ಘನ ಪ್ರತ್ಯಾಮ್ಲ ಕ್ರಿಯಾವರ್ಧಕಗಳೆಂದು ಹೆಸರು. ಮೆಗ್ನೀಸಿಯಂ ಆಕ್ಸೈಡ್, ಸ್ಟ್ರಾಂಷಿಯಂ ಆಕ್ಸೈಡ್, ಪೊಟ್ಯಾಸಿಯಮ್ಮನ್ನು ಲೇಪಿಸಿದ ಅಲ್ಯೂಮಿನಾ ಮುಂತಾಗಿ ಇವುಗಳ ಬಳಗ ದೊಡ್ಡದು. ಆದರೂ ಮನೆಮನೆಗೂ ಪರಿಚಿತವಾದದ್ದು ಸುಣ್ಣವೇ ಆದ್ದರಿಂದ ಅದನ್ನೇ ಹಿಡಿದು ನಡೆಯೋಣ.

ಹಲಸೂರು ಪೇಟೆಯ ಎಲೆಯಡಿಕೆ ಅಂಗಡಿಯಲ್ಲಿ ವೀಳ್ಯದೆಲೆಗೆ ಸವರಿಕೊಡುವ ಸುಣ್ಣ ಕೆಲಸಕ್ಕೆ ಬಾರದು. ಅದು ನೀರು ಕುಡಿದ ಸುಣ್ಣ. ನಮಗೆ ಬೇಕಾದದ್ದು ಸುಡುಸುಣ್ಣ. ಸುಣ್ಣದ ಕಲ್ಲನ್ನು 900 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಅದರಲ್ಲಿಯ ಇಂಗಾಲಾಮ್ಲ ವಾಯು ಹಾರಿಹೋಗಿ, 100 ಕಿಲೋಗ್ರಾಂ ಕಲ್ಲಿಗೆ 56 ಕಿಲೋಗ್ರಾಂ ಸುಡುಸುಣ್ಣ ಉಳಿಯುತ್ತದೆ. ಕಲ್ಲೇ ಆಗಬೇಕೆಂದಿಲ್ಲ. ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಸಂಶೋಧಕರು ಕೋಳಿಮೊಟ್ಟೆಯ ಸಿಪ್ಪೆಯನ್ನೂ ಸುಟ್ಟು ನೋಡಿದ್ದಾರೆ. ಆ ಸಿಪ್ಪೆ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಸುಣ್ಣದ ಕಲ್ಲೇ. ನೂರು ಮೊಟ್ಟೆಗಳ ಸಿಪ್ಪೆ ಸುಮಾರು 600 ಗ್ರಾಂ; ಸುಟ್ಟರೆ 300 ಗ್ರಾಮಿಗೆ ಮೇಲ್ಪಟ್ಟು ಸುಡುಸುಣ್ಣ. ದಂಡುಪ್ರದೇಶದ ಬೇಕರಿಗಳ ಹಿತ್ತಲಲ್ಲಿ ಬುಟ್ಟಿಗಟ್ಟಲೆ ಬೀಳುವ ಸಿಪ್ಪೆಗೆ ಇಂಥದೊಂದು ಯೋಗ್ಯತೆಯಿದೆ ಎಂದು ತಿಳಿದರೆ ಬೇಕರಿಯವರು ನಗಬಹುದು. ಪ್ರಯೋಗಶಾಲೆಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡಿದೆ.

ಈಗ ಗ್ಲಿಸರಿನ್ನಿನ ಕಡೆ ತಿರುಗೋಣ. ಅದರ ಅಣುವಿನಲ್ಲಿ ಮೂರು ಇಂಗಾಲದ ಪರಮಾಣುಗಳು. ಒಂದೊಂದಕ್ಕೂ ಒಂದು ಆಮ್ಲಜನಕ-ಜಲಜನಕದ ಜೋಡಿ ಅಂಟಿಕೊಂಡಿದೆ. ಮೂರು ಕೈಗಳಿದ್ದಂತೆ. ಸುಣ್ಣದ ಮೈಗೆ ಅಣು ತಾಗಿದಾಗ ಒಂದು ಕೈಯ ಪ್ರೋಟಾನನ್ನು ಸುಣ್ಣ ಸೆಳೆದುಕೊಳ್ಳುತ್ತದೆ. ಬರಿದಾದ ಕೈ ಸುಮ್ಮನಿರಲಾರದೆ ಹತ್ತಿರ ಸಿಕ್ಕಿದ ಬೇರೊಂದು ಅಣುವನ್ನು ಹಿಡಿಯುತ್ತದೆ. ಹತ್ತಿರ ಯಾವ ಅಣುವನ್ನು ಇಟ್ಟಿದ್ದೇವೆ ಎಂಬುದರ ಮೇಲೆ ಹುಟ್ಟುವ ಪದಾರ್ಥ ಯಾವುದೆಂಬುದು ನಿಂತಿದೆ.

ಡೈಮೀಥೈಲ್ ಕಾರ್ಬೊನೇಟ್ ಎಂಬ ದ್ರವವನ್ನು ಇಟ್ಟೆವೆನ್ನಿ. ಬರಿದಾದ ಕೈ ಅದರ ನಡುವಣ ಇಂಗಾಲವನ್ನು ಹಿಡಿದು ಒಂದು ಮೆಥನಾಲನ್ನು ಹೊರದೂಡುತ್ತದೆ. ಬಳಿಕ ಪಕ್ಕದ ಕೈಯೂ ಅದನ್ನೇ ಹಿಡಿದು ಇನ್ನೊಂದು ಮೆಥನಾಲನ್ನು ಹೊರದೂಡುತ್ತದೆ. ಎರಡು ಕೈ ಸೇರಿ ಬಳೆಯಂತಾದ ಈ ಹೊಸ ಅಣುವೇ ಗ್ಲಿಸರಾಲ್ ಕಾರ್ಬೊನೇಟ್. ಇದು ಬೇಗ ಆವಿಯಾಗದ, ಬೇಗ ಉರಿಯದ ಒಳ್ಳೆಯ ದ್ರಾವಕ. ಬಣ್ಣ, ಅಂಟು, ಪ್ರಸಾಧನ ಸಾಮಗ್ರಿ, ಪಾಲಿಯುರೆಥೇನ್ ಮುಂತಾದವುಗಳಿಗೆ ಉಪಯುಕ್ತ. ನೀರು ಕುದಿಯುವುದಕ್ಕಿಂತ ಕಡಮೆ ಶಾಖ ಸಾಕು. ತೂಕದ ಲೆಕ್ಕವೂ ಸ್ವಾರಸ್ಯವಾಗಿದೆ: 92 ಕಿಲೋಗ್ರಾಂ ಗ್ಲಿಸರಿನ್ನಿಗೆ 90 ಕಿಲೋಗ್ರಾಂ ಡೈಮೀಥೈಲ್ ಕಾರ್ಬೊನೇಟ್ ಸೇರಿದರೆ 118 ಕಿಲೋಗ್ರಾಂ ಗ್ಲಿಸರಾಲ್ ಕಾರ್ಬೊನೇಟೂ 64 ಕಿಲೋಗ್ರಾಂ ಮೆಥನಾಲೂ ಬರುತ್ತವೆ. ಆ 92 ಕಿಲೋಗ್ರಾಂ ಗ್ಲಿಸರಿನ್ ಹುಟ್ಟುವಾಗ ಬಯೋಡೀಸೆಲ್ಲಿಗೆ ಖರ್ಚಾದ ಮೆಥನಾಲ್ 96 ಕಿಲೋಗ್ರಾಂ. ಮೂರರಲ್ಲಿ ಎರಡು ಪಾಲು ಅದೇ ಅಂಗಳಕ್ಕೆ ಹಿಂತಿರುಗಿದಂತಾಯಿತು. ಡೈಮೀಥೈಲ್ ಕಾರ್ಬೊನೇಟನ್ನು ಬೆಲೆ ಕೊಟ್ಟು ತರಬೇಕಲ್ಲ ಎಂಬುದು ಬೇರೆ ಮಾತು; ವ್ಯಾಪಾರಿಗಳು ತಡೆದು ನಿಲ್ಲುವುದೂ ಅಲ್ಲಿಯೇ.

ಈ ಕ್ರಿಯೆಯನ್ನು ಕುರಿತು ನಮ್ಮ ಪಕ್ಕದಲ್ಲಿಯೇ ಕೆಲಸ ನಡೆದಿದೆಯೆಂಬುದು ಅನೇಕರಿಗೆ ತಿಳಿಯದು. ದೇವನಹಳ್ಳಿಯ ಬಳಿಯ ಬಿದಲೂರಿನಲ್ಲಿರುವ ಪೂರ್ಣಪ್ರಜ್ಞ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಲ್ಲಿ ಸ್ವೇತಾ ಸಂದೇಶ್, ಗಣಪತಿ ಶಾನಭಾಗ್, ಆನಂದ ಹಳಗೇರಿ ಅವರು ಪೊಟ್ಯಾಸಿಯಂ ಫ್ಲೂರೈಡನ್ನು ಅಲ್ಯೂಮಿನಾದ ಮೇಲೆ ಲೇಪಿಸಿದ ಘನ ಪ್ರತ್ಯಾಮ್ಲದಿಂದ ಗ್ಲಿಸರಾಲ್ ಕಾರ್ಬೊನೇಟನ್ನು ತಯಾರಿಸಿ, 2013ರಲ್ಲಿ ತಮ್ಮ ಪರಿಶೀಲನೆಯನ್ನು ಪ್ರಕಟಿಸಿದರು. ಲೇಪವನ್ನು ಹೊರುವ ಆಧಾರದ್ರವ್ಯ ಯಾವುದಿರಬೇಕು, ಪ್ರತ್ಯಾಮ್ಲತೆ ಎಷ್ಟಿರಬೇಕು ಎಂಬುದೇ ಅವರು ಎತ್ತಿಕೊಂಡ ಪ್ರಶ್ನೆ. ಇದು ಸಣ್ಣ ಪ್ರಶ್ನೆಯಲ್ಲ. ಪ್ರತ್ಯಾಮ್ಲ ದುರ್ಬಲವಾದರೆ ಕೈ ಬರಿದಾಗುವುದಿಲ್ಲ. ಅತಿ ಪ್ರಬಲವಾದರೆ ಹುಟ್ಟಿದ ಬಳೆಯೇ ಮುರಿದು ಬೇಡದ ಪದಾರ್ಥಗಳು ತಲೆಹಾಕುತ್ತವೆ. ಉಪ್ಪಿನಂತೆ ಹದವರಿತು ಹಾಕಬೇಕಾದದ್ದು.

ಹತ್ತಿರ ಬೇರೇನನ್ನೂ ಇಡದೆ ಗ್ಲಿಸರಿನ್ನನ್ನು ಮಾತ್ರ ಸುಣ್ಣದೊಡನೆ 220 ಡಿಗ್ರಿಗೆ ಮೇಲ್ಪಟ್ಟು ಕಾಯಿಸಿದರೆ ಒಂದು ಅಣು ಇನ್ನೊಂದನ್ನು ಹಿಡಿದು, ನಡುವಣ ನೀರನ್ನು ಬಿಟ್ಟು, ಎರಡು ಮೂರು ಗ್ಲಿಸರಿನ್‌ಗಳ ಸರಪಳಿಯಾಗುತ್ತದೆ. ಇದು ಪಾಲಿಗ್ಲಿಸರಾಲ್. ಇದಕ್ಕೆ ಮೇದಸ್ಸಿನ ಆಮ್ಲವನ್ನು ಸೇರಿಸಿದರೆ ಎಣ್ಣೆಯನ್ನೂ ನೀರನ್ನೂ ಬೆರೆಸಿ ನಿಲ್ಲಿಸುವ ಪದಾರ್ಥ ಸಿದ್ಧ. ಕೇಕು ಉಬ್ಬಿ ಮೃದುವಾಗಿರಲೆಂದು ಬೇಕರಿಗಳಲ್ಲಿ ಬಳಸುವ ಜೆಲ್ಲುಗಳಲ್ಲಿ ಇಂಥವು ಇರುತ್ತವೆ. ಪೊಟ್ಟಣದ ಮೇಲೆ 475 ಎಂಬ ಅಂಕಿ ಕಂಡರೆ ಅದೇ. ಗ್ಲಿಸರಿನ್ನಿನೊಡನೆ ಒಂದಿಷ್ಟು ಕೊಬ್ಬನ್ನು ಕೂಡಿಸಿದರೆ 471ರ ಮಾನೊಗ್ಲಿಸರೈಡು. ಬ್ರೆಡ್ಡಿಗೂ ಐಸ್‌ಕ್ರೀಮಿಗೂ ಅದು ಬೇಕೇ ಬೇಕು. ತಿನ್ನುವ ಪದಾರ್ಥಕ್ಕೆ ಕರಿದ ಎಣ್ಣೆಯ ಗ್ಲಿಸರಿನ್ನನ್ನು ಬಳಸಬಹುದೆ ಎಂದರೆ, ನನ್ನ ಉತ್ತರ ಕೂಡದೆಂದೇ. ಬಣ್ಣಕ್ಕೂ ಅಂಟಿಗೂ ಯಂತ್ರಗಳಿಗೂ ಬೇಕಾದ ಪದಾರ್ಥಗಳು ಸಾಕಷ್ಟಿರುವಾಗ ಹೊಟ್ಟೆಯ ದಾರಿಯನ್ನೇ ಹಿಡಿಯಬೇಕೇಕೆ?

ಸುಣ್ಣ ಅಥವಾ ಮೆಗ್ನೀಸಿಯಂ ಆಕ್ಸೈಡಿನ ಮೇಲೆ ತಾಮ್ರದ ಸೂಕ್ಷ್ಮ ಕಣಗಳನ್ನು ಕೂರಿಸಿದರೆ ಇನ್ನೂ ಎರಡು ಬಾಗಿಲು ತೆರೆಯುತ್ತವೆ. ಒಂದರಲ್ಲಿ ಲ್ಯಾಕ್ಟಿಕ್ ಆಮ್ಲ, ಮೊಸರಿನ ಹುಳಿ; ಅದರಿಂದ ಮಣ್ಣಿನಲ್ಲಿ ಕರಗಬಲ್ಲ ಪ್ಲಾಸ್ಟಿಕ್. ಇನ್ನೊಂದರಲ್ಲಿ, ಜಲಜನಕವನ್ನು ಹಾಯಿಸಿದರೆ, ಪ್ರೊಪಿಲೀನ್ ಗ್ಲೈಕಾಲ್. ಪೆಟ್ರೋಲಿಯಮ್ಮಿನಿಂದಲೇ ಬರುತ್ತಿದ್ದ ಸರಕು ಅದು.

ಇಷ್ಟೆಲ್ಲ ಗುಣವಿರುವ ಸುಣ್ಣಕ್ಕೆ ಕಾರ್ಖಾನೆಗಳು ಏಕೆ ಮುಗಿಬಿದ್ದಿಲ್ಲ? ಸುಣ್ಣ ಬಳಿದ ಗೋಡೆಯನ್ನು ನೋಡಿದವರಿಗೆ ಉತ್ತರ ಗೊತ್ತು. ಹಸಿಯಾಗಿದ್ದ ಸುಣ್ಣ ಗಾಳಿಯ ಇಂಗಾಲಾಮ್ಲ ವಾಯುವನ್ನು ಹೀರಿ ಮತ್ತೆ ಕಲ್ಲಾಗುವುದರಿಂದಲೇ ಗೋಡೆ ಗಟ್ಟಿಯಾಗುತ್ತದೆ. ಗೋಡೆಗೆ ಅದು ವರ, ಕ್ರಿಯಾವರ್ಧಕಕ್ಕೆ ಶಾಪ. ಸುಡುಸುಣ್ಣವನ್ನು ಕುಲುಮೆಯಿಂದ ತೆಗೆದು ತೆರೆದ ತಟ್ಟೆಯಲ್ಲಿಟ್ಟರೆ ನೀರಿನ ತೇವವೂ ಇಂಗಾಲಾಮ್ಲವೂ ಅದರ ಮೈಯನ್ನು ಮುಚ್ಚಿಬಿಡುತ್ತವೆ. ಪ್ರೋಟಾನ್ ಸೆಳೆಯುವ ಜಾಗಗಳೇ ಉಳಿಯುವುದಿಲ್ಲ. ಮತ್ತೆ ಸುಡಬೇಕು. ಎರಡನೆಯ ಕೇಡು ಇದಕ್ಕಿಂತ ಸೂಕ್ಷ್ಮ. ಸುಣ್ಣ ಪೂರ್ತಿ ಕರಗದ ವಸ್ತುವಲ್ಲ. ಗ್ಲಿಸರಿನ್ನಿನೊಡನೆ ಕೂಡಿ ಕ್ಯಾಲ್ಸಿಯಂ ಗ್ಲಿಸರಾಕ್ಸೈಡ್ ಎಂಬ ಸಂಯುಕ್ತವಾಗಿ ಸ್ವಲ್ಪ ಸ್ವಲ್ಪವೇ ದ್ರವಕ್ಕೆ ಇಳಿಯುತ್ತದೆ. ಆಗ ಕೆಲಸ ಮಾಡುತ್ತಿರುವುದು ಗಟ್ಟಿ ಸುಣ್ಣವೋ ಕರಗಿದ ಸುಣ್ಣವೋ ಹೇಳುವುದು ಕಷ್ಟ. ಪರೀಕ್ಷೆ ಸರಳ: ಕ್ರಿಯೆ ಅರ್ಧವಾದಾಗ ಬಿಸಿಯಲ್ಲೇ ಪುಡಿಯನ್ನು ಸೋಸಿಬಿಡುವುದು. ಉಳಿದ ದ್ರವದಲ್ಲಿ ಕ್ರಿಯೆ ನಿಂತರೆ ಪುಡಿಯೇ ಕರ್ತೃ. ಮುಂದುವರಿದರೆ ಕರಗಿದ ಕ್ಷಾರವೇ ಕರ್ತೃ, ನಾವು ಸೋಡಕ್ಕೆ ಬೇರೆ ವೇಷ ಹಾಕಿದ್ದೇವೆ ಅಷ್ಟೆ. ಈ ಒಂದು ಪರೀಕ್ಷೆ ಅನೇಕ ಬಡಾಯಿಗಳನ್ನು ಇಳಿಸಿದೆ.

ಸುಣ್ಣಕ್ಕಿಂತ ಗಟ್ಟಿ ನಿಲ್ಲುವ ವಸ್ತುಗಳಿಗಾಗಿ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಹೈಡ್ರೊಟಾಲ್ಸೈಟ್ ಎಂಬ ಖನಿಜ. ಮೆಗ್ನೀಸಿಯಮ್ಮೂ ಅಲ್ಯೂಮಿನಿಯಮ್ಮೂ ಸೇರಿದ ತೆಳು ಹಾಳೆಗಳು ಇಸ್ಪೀಟಿನ ಕಟ್ಟಿನಂತೆ ಒಂದರ ಮೇಲೊಂದು ಕುಳಿತಿವೆ. ಹಾಳೆಗಳ ನಡುವೆ ನೀರೂ ಕಾರ್ಬೊನೇಟೂ. ಹೊಟ್ಟೆಯ ಹುಳಿತೇಗಿಗೆ ಕೊಡುವ ಮಾತ್ರೆಗಳಲ್ಲಿಯೂ ಇದು ಉಂಟು. 450-500 ಡಿಗ್ರಿಗೆ ಕಾಯಿಸಿದರೆ ಹಾಳೆಗಳು ಕುಸಿದು ಪ್ರಬಲ ಪ್ರತ್ಯಾಮ್ಲವಾಗುತ್ತವೆ. ಅದನ್ನು ನೀರಿಗೆ ಹಾಕಿದರೆ ಹಾಳೆಗಳು ಮತ್ತೆ ಎದ್ದು ಮೊದಲಿನಂತೆ ಕೂರುತ್ತವೆ! ವಿಜ್ಞಾನಿಗಳು ಇದಕ್ಕೆ 'ನೆನಪು' ಎಂದೇ ಹೆಸರಿಟ್ಟಿದ್ದಾರೆ. ಹಾಳೆಗಳ ಈ ವರ್ಗವನ್ನು ಬೆಂಗಳೂರಿನಲ್ಲಿ ಬಹುಕಾಲ ಅಭ್ಯಸಿಸಿದವರಲ್ಲಿ ಸೆಂಟ್ರಲ್ ಕಾಲೇಜಿನ ಪಿ. ವಿಷ್ಣು ಕಾಮತ್ ಅವರ ಹೆಸರು ಮುಖ್ಯ. ದಂಡಿನ ಅಂಚಿನಲ್ಲಿರುವ ಸೇಂಟ್ ಜೋಸೆಫ್ ಕಾಲೇಜಿನಲ್ಲಿಯೂ ಮೈಕೇಲ್ ರಾಜಾಮತಿ ಅವರು ಇವುಗಳ ಹಾಳೆಯನ್ನು ಹಾಳೆಯಿಂದ ಬಿಡಿಸುವ ವಿದ್ಯೆಯಲ್ಲಿ ದುಡಿದಿದ್ದಾರೆ. ಇವರ ಗುರಿ ಗ್ಲಿಸರಿನ್ನೇ ಆಗಿರಲಿಲ್ಲ, ಹಾಳೆಗಳ ಸ್ವಭಾವವನ್ನು ತಿಳಿಯುವುದು. ಆದರೆ ಕ್ರಿಯಾವರ್ಧಕವನ್ನು ಕಟ್ಟುವವನಿಗೆ ಮೊದಲು ಬೇಕಾದ ತಿಳಿವಳಿಕೆ ಅದೇ.

ಘನ ಕ್ರಿಯಾವರ್ಧಕ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡಿದ ನಿದರ್ಶನವೂ ಇಲ್ಲದಿಲ್ಲ. ಫ್ರಾನ್ಸಿನ ದಕ್ಷಿಣದ ಸೆಟ್ ಬಂದರಿನಲ್ಲಿ 2006ರಲ್ಲಿ ಪ್ರಾರಂಭವಾದ ಬಯೋಡೀಸೆಲ್ ಕಾರ್ಖಾನೆ ಕಾಸ್ಟಿಕ್ಕನ್ನು ಬಿಟ್ಟು ಸತುವು-ಅಲ್ಯೂಮಿನಿಯಮ್ಮಿನ ಆಕ್ಸೈಡಿನ ಗುಳಿಗೆಗಳನ್ನು ತುಂಬಿದ ಕೊಳವೆಗಳಲ್ಲಿ ಎಣ್ಣೆಯನ್ನು ಹರಿಸಿತು. ಶಾಖವೂ ಒತ್ತಡವೂ ಹೆಚ್ಚು ಬೇಕು. ಆದರೆ ಹೊರಬಂದ ಗ್ಲಿಸರಿನ್ ನೂರಕ್ಕೆ 98 ಪಾಲು ಶುದ್ಧ, ಉಪ್ಪಿನ ಸುಳಿವಿಲ್ಲ. ಅಂಥ ಗ್ಲಿಸರಿನ್ ಕೈಗೆ ಬಂದರೆ ಮುಂದಿನ ಮಾರ್ಪಾಟುಗಳೆಲ್ಲ ಅರ್ಧ ಸುಲಭವಾದಂತೆಯೇ.

ಅಲ್ಲಿಗೆ ಬರುತ್ತಿದ್ದುದು ಶುದ್ಧಿಮಾಡಿದ ಬೀಜದೆಣ್ಣೆ; ಶಿವಾಜಿನಗರದ ಬಾಣಲೆಯಿಂದ ಬರುವುದು ಬೇರೆ. ಇದರಲ್ಲಿ ಬಿಡಿ ಆಮ್ಲವಿದೆ, ಉಪ್ಪು-ಖಾರದ ಚೂರುಗಳಿವೆ, ನೀರಿದೆ. ಇಂದಿರಾನಗರದ ರಸ್ತೆಗಳಿಗೆ ನೆರಳು ಕೊಡುವ ಹೊಂಗೆಯ ಮರದ ಬೀಜದೆಣ್ಣೆಗೂ ಹಳತಾದರೆ ಇದೇ ದೋಷ. ಬಿಡಿ ಆಮ್ಲವನ್ನು ಮೊದಲೇ ಆಮ್ಲ ಕ್ರಿಯಾವರ್ಧಕದಿಂದ ಮೆಥನಾಲಿಗೆ ಕೂಡಿಸಿ ತೀರಿಸದಿದ್ದರೆ ಅದು ಸುಣ್ಣವನ್ನೂ ಬಿಡದೆ ಸಾಬೂನು ಮಾಡುತ್ತದೆ. ಆದುದರಿಂದ ಈ ಭಾಗದಲ್ಲಿ ಸಣ್ಣದೊಂದು ಘಟಕವನ್ನು ಕಟ್ಟಹೊರಟವನು ಕ್ರಿಯಾವರ್ಧಕದ ಚಿಂತೆಗಿಂತ ಮುಂಚೆ ಸೋಸುವ ಬಟ್ಟೆ, ತೇವ ತೆಗೆಯುವ ತೊಟ್ಟಿ, ಆಮ್ಲವನ್ನು ಅಳೆಯುವ ಸೀಸೆ ಇವುಗಳ ಚಿಂತೆ ಮಾಡಬೇಕು. ಆಮೇಲೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟ ಸುಡುಸುಣ್ಣ. ಕುಲುಮೆಯಿಂದ ತೆಗೆದ ದಿನಾಂಕ ಅದರ ಮೇಲೆ ಬರೆದಿರಬೇಕು.

ಹೊಸ ಕ್ರಿಯಾವರ್ಧಕವೊಂದರ ವರದಿ ಪತ್ರಿಕೆಯಲ್ಲಿ ಬಂದಾಗ ಮೊದಲ ಸಲದ ಫಲ ನೂರಕ್ಕೆ ತೊಂಬತ್ತೆಂಟು ಎಂಬ ಅಂಕಿಗೆ ವಾಚಕರು ಬೆರಗಾಗಬೇಕಾಗಿಲ್ಲ. ಶುದ್ಧ ಗ್ಲಿಸರಿನ್ನಿನಿಂದ ಬಂದ ಫಲವೋ ಕಚ್ಚಾ ಮಾಲಿನಿಂದ ಬಂದದ್ದೋ ಎಂದು ನೋಡಬೇಕು. ಅದೇ ಪುಡಿಯನ್ನು ಐದನೆಯ ಸಲ, ಹತ್ತನೆಯ ಸಲ ಬಳಸಿದಾಗ ಬಂದ ಅಂಕಿಯನ್ನು ಹುಡುಕಬೇಕು. ಬಿಸಿಯಲ್ಲಿ ಸೋಸಿ ನೋಡಿದರೇ ಎಂದು ಕೇಳಬೇಕು. ಬಾಣಲೆಯ ಒಡೆಯರು ಮಾಡಬೇಕಾದ ಕೆಲಸ ಇದಕ್ಕಿಂತ ಚಿಕ್ಕದು: ಎಣ್ಣೆ ಆರಿದ ಮೇಲೆ ಸೋಸಿ, ಒಣಗಿದ ಡಬ್ಬಕ್ಕೆ ತುಂಬಿ, ಪಾತ್ರೆ ತೊಳೆದ ನೀರು ಅದಕ್ಕೆ ಬೀಳದಂತೆ ನೋಡಿಕೊಂಡು, ನೋಂದಾಯಿಸಿಕೊಂಡ ಸಂಗ್ರಾಹಕರ ಕೈಗೇ ಕೊಟ್ಟು ಚೀಟಿ ಪಡೆಯುವುದು.